ಅಂಗಿಯ ಗುಂಡಿ, ಮಡಿವಾಳನ ಕಲ್ಲು

ಹೋದ ತಿಂಗಳು ನನ್ನದೊಂದು ಬಿಳಿಯ ಅಂಗಿ ಡ್ರೈಕ್ಲೀನಿಂಗ್ ಅಂಗಡಿಯಿಂದ ಮನೆಗೆ ಮರಳಿತು. ಕಾಲರು ನೆಟ್ಟಗೆ ನಿಂತಿತ್ತು, ತೋಳಿನ ಮಡಿಕೆ ಕತ್ತಿಯ ಅಲಗಿನಂತಿತ್ತು. ಎದೆಯ ಮೇಲಿನ ಎರಡನೆಯ ಗುಂಡಿ ಮಾತ್ರ ಅರ್ಧಚಂದ್ರವಾಗಿತ್ತು. ಉಳಿದರ್ಧ ಎಲ್ಲಿ ಹೋಯಿತೆಂದು ಕೇಳಲು ಹೋದೆ. ಅಂಗಡಿಯವರು ವಾದಕ್ಕೆ ನಿಲ್ಲಲಿಲ್ಲ. ರಸೀದಿಯನ್ನು ಮಗುಚಿ ನನ್ನ ಮುಂದಿಟ್ಟರು. ಗುಂಡಿ, ಜರಿ, ಜಿಪ್ ಇವುಗಳಿಗೆ ತಾವು ಹೊಣೆಯಲ್ಲವೆಂದು ಅಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ನನಗೆ ಸಿಟ್ಟು ಬಂತು. ಆದರೆ ಮನೆ ಮುಟ್ಟುವಷ್ಟರಲ್ಲಿ ಆ ಸಿಟ್ಟಿನ ಜಾಗದಲ್ಲಿ ಹೊರ್ತಿಯ ನಮ್ಮ ಹಳೆಯ ಮನೆಯ ಒಂದು ಗುಂಡಿಯ ನೆನಪು ಬಂದು ಕುಳಿತಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಅಂಗಿಗೆ ಗುಂಡಿ ಬಂದದ್ದು ಹೇಗೆ, ಒಗೆಯುವವರ ಕೈಯಲ್ಲಿ ಅದರ ಗತಿ ಏನಾಯಿತು ಎಂಬುದು ಮೊದಲಿನ ಮಾತು.

ನಮ್ಮ ಸೀಮೆಯ ಹಿರಿಯರ ಉಡುಪಿಗೆ ಗುಂಡಿಯ ಗೊಡವೆ ಅಷ್ಟಾಗಿ ಇರಲಿಲ್ಲ, ಕಸೆ ಇತ್ತು. ವಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಚಿತ್ರಗಳನ್ನು ಕಂಡವರಿಗೆ ಅವನು ತೊಟ್ಟ ತೆಳುವಾದ ಬಿಳಿಯ ಜಾಮಾ ನೆನಪಿರಬಹುದು. ಅದು ಕಂಕುಳ ಕೆಳಗೆ ಕಸೆಗಳಿಂದ ಬಿಗಿಯುವ ಉಡುಪು. ಉತ್ತರದ ಮೊಗಲರ ದರಬಾರಿನಲ್ಲಿ ಮುಸಲ್ಮಾನರು ಬಲಗಡೆಗೂ ಹಿಂದೂಗಳು ಎಡಗಡೆಗೂ ಕಸೆ ಕಟ್ಟುತ್ತಿದ್ದರು. ಜನಸಾಮಾನ್ಯರಿಗೆ ಬಾರಾಬಂದಿ ಇತ್ತು; ಹೆಸರೇ ಹೇಳುವಂತೆ ಹನ್ನೆರಡು ಬಂಧಗಳ ಅಂಗಿ. ಹೊರ್ತಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆದರೆ ಸಿಗುವ ಸೊಲ್ಲಾಪುರದಲ್ಲಿ, ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧರಾಮೇಶ್ವರನ ಜಾತ್ರೆಯಲ್ಲಿ ನಂದಿಧ್ವಜ ಹೊರುವವರು ಇಂದಿಗೂ ಬಿಳಿಯ ಬಾರಾಬಂದಿಯನ್ನೇ ತೊಡುತ್ತಾರೆ.

ಕಸೆಯ ಗುಣವೆಂದರೆ ಅದು ಬಟ್ಟೆಯದೇ ಮಗು. ಅಂಗಿಯನ್ನು ಸವಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಯಲ್ಲಿ ಬೇಯಿಸಿ, ಕಲ್ಲಿಗೆ ಎತ್ತಿ ಬಡಿದರೂ ಅಂಗಿಗೆ ಆದದ್ದೇ ಕಸೆಗೂ ಆಗುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹರಿದರೆ ಮನೆಯ ಹೆಂಗಸರು ಒಂದು ಚಿಂದಿ ಹೆಣೆದು ಹಚ್ಚುತ್ತಿದ್ದರು. ಗುಂಡಿ ಬಂದಾಗಲೂ ಮೊದಲು ಬಂದದ್ದು ನೂಲನ್ನು ಸುತ್ತಿ ಸುತ್ತಿ ಮಾಡಿದ ಸಣ್ಣ ಉಂಡೆ. ಎದುರಿಗೆ ನೂಲಿನದೇ ಕುಣಿಕೆ. ನಾವು ಗುಂಡಿ ಎನ್ನುವುದನ್ನು ಮರಾಠಿಗರೂ ಗುಂಡಿ ಎನ್ನುತ್ತಾರೆ, ಹಿಂದಿಯವರು ಘುಂಡಿ ಎನ್ನುತ್ತಾರೆ. ಗುಂಡಗಿರುವುದು ಗುಂಡಿ. ತೋಡಿದ ಹಳ್ಳಕ್ಕೂ ಅದೇ ಹೆಸರಿಟ್ಟ ನಮ್ಮ ಭಾಷೆಯ ಧಾರಾಳ ಬೇರೆ ಮಾತು! ತಮಾಷೆಯೆಂದರೆ ಗುಂಡಿ ಹೊಕ್ಕುವ ಕಣ್ಣಿಗೆ ನಮ್ಮ ದರ್ಜಿಗಳು ಹೇಳುವ ‘ಕಾಜಾ’ ಎಂಬ ಮಾತು ಪೋರ್ಚುಗೀಸರದು. ಅವರ ಭಾಷೆಯಲ್ಲಿ ‘ಕಾಸಾ’ ಎಂದರೆ ಮನೆ. ಗುಂಡಿ ನಮ್ಮದು, ಅದರ ಮನೆ ಪರದೇಶಿಯದು.

ಪರದೇಶಿಯರಿಗೂ ಒಗೆತದ ತೊಡಕು ತಪ್ಪಿದ್ದಲ್ಲ. ಅಮೆರಿಕದ ಟ್ರಾಯ್ ಎಂಬ ಊರಿನ ಹ್ಯಾನಾ ಮಾಂಟೆಗ್ ಎಂಬಾಕೆ 1827ರಲ್ಲಿ, ಅಂಗಿ ಶುಭ್ರವಾಗಿದ್ದು ಕಾಲರು ಮಾತ್ರ ಕೊಳೆಯಾಗುವುದನ್ನು ಕಂಡು ಬೇಸತ್ತು, ಗಂಡನ ಅಂಗಿಯ ಕಾಲರನ್ನೇ ಕತ್ತರಿಸಿ ಬೇರೆಯಾಗಿ ಒಗೆದಳೆಂದು ಹೇಳುತ್ತಾರೆ. ಬಿಡಿ ಕಾಲರಿನ ಉದ್ಯಮ ಹುಟ್ಟಿದ್ದು ಅಲ್ಲಿಂದ. ಇಂಗ್ಲೆಂಡಿನಲ್ಲಿ ಒಳ ಉಡುಪಿಗೂ ಹಾಸಿಗೆಯ ವಸ್ತ್ರಗಳಿಗೂ ಬಟ್ಟೆ ಹೊದಿಸಿದ ಗುಂಡಿಗಳನ್ನೇ ಹೊಲಿಯುತ್ತಿದ್ದರು. ಒದ್ದೆ ಬಟ್ಟೆಯನ್ನು ಹಿಂಡುವ ಎರಡು ಉರುಳೆಗಳ ನಡುವೆ ಹಾಯ್ದೂ ಅವು ಬದುಕುತ್ತಿದ್ದವು. ಅಲ್ಲಿಯ ದೊಡ್ಡವರ ಗಂಜಿ ಹಾಕಿದ ಅಂಗಿಯ ಎದೆಗೆ ಹೊಲಿದ ಗುಂಡಿ ಇರಲಿಲ್ಲ. ಎರಡೂ ಕಡೆಯ ಕಾಜಾಗಳಲ್ಲಿ ತೂರಿಸುವ ಬಿಡಿ ಗುಂಡಿ ಇತ್ತು. ಮೇಲಿನಿಂದ ಕೆಳಗಿನವರೆಗೂ ಬಿಚ್ಚಿಕೊಳ್ಳುವ ಅಂಗಿಯನ್ನು ಲಂಡನ್ನಿನ ಬ್ರೌನ್, ಡೇವಿಸ್ ಕಂಪನಿ ನೋಂದಾಯಿಸಿದ್ದೇ 1871ರಲ್ಲಿ ಎನ್ನುತ್ತಾರೆ. ಅಲ್ಲಿಯವರೆಗೆ ಅಂಗಿಯೆಂದರೆ ತಲೆಯ ಮೇಲಿಂದ ತೂರಿಸಿಕೊಳ್ಳುವ ವಸ್ತು.

ಈ ಬಿಡಿ ಗುಂಡಿ ನಮ್ಮ ಹಳ್ಳಿಗಳ ಅನುಕೂಲಸ್ಥರ ಮನೆಗಳಿಗೂ ಬಂತು. ಬೆಳ್ಳಿಯದೋ ಬಂಗಾರದ್ದೋ ಆದ ಮೂರು ನಾಲ್ಕು ಗುಂಡಿಗಳು, ಅವನ್ನು ಕೂಡಿಸುವ ಒಂದು ಎಳೆಯ ಸರಪಳಿ. ನನ್ನ ಅಜ್ಜನ ಬಳಿ ಬೆಳ್ಳಿಯ ನಾಲ್ಕು ಗುಂಡಿಗಳಿದ್ದವು. ಸರಪಳಿ ನಾನು ಹುಟ್ಟುವುದಕ್ಕೆ ಮೊದಲೇ ಕಡಿದಿತ್ತಂತೆ. ರೇವಣಸಿದ್ಧೇಶ್ವರನ ಜಾತ್ರೆಗೆ, ಬೀಗರ ಊರಿಗೆ, ಇಂಡಿಯ ಕಚೇರಿಗೆ ಹೊರಟಾಗ ಅವು ಅವನ ಎದೆಯ ಮೇಲಿರುತ್ತಿದ್ದವು. ಬಟ್ಟೆ ಮಡಿವಾಳನಿಗೆ ಹೋಗುವ ದಿನ ಅವನ್ನು ಒಂದೊಂದಾಗಿ ಕಳಚಿ, ಎಣಿಸಿ, ಕಟ್ಟಿಗೆಯ ಸಂದೂಕದಲ್ಲಿ ಇಡುವುದು ಅವನದೇ ಕೆಲಸ.

ಮಡಿವಾಳ ಆಯಗಾರ. ಅವನಿಗೆ ರಸೀದಿಯಿಲ್ಲ, ದಿನದ ಕೂಲಿಯಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತರೆ ವರ್ಷದ ಜೋಳ. ಯಾವ ಅಂಗಿ ಯಾರದೆಂದು ತಿಳಿಯಲು ಕೇರುಬೀಜದ ರಸದಿಂದ ಅಂಚಿನಲ್ಲಿ ಒಂದು ಗುರುತು ಹಾಕುತ್ತಿದ್ದ. ಬಟ್ಟೆ ಹರಿದರೂ ಆ ಕಪ್ಪು ಅಳಿಯುತ್ತಿರಲಿಲ್ಲ. ಇದೇ ಸೀಮೆಯ ದೇವರ ಹಿಪ್ಪರಗಿ ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವನ ಊರೆಂದು ಪ್ರಸಿದ್ಧ. ಕಲ್ಯಾಣದಲ್ಲಿ ಶರಣರ ಬಟ್ಟೆಯನ್ನು ಮಡಿ ಮಾಡಿದವನು, ‘ಕಲಿದೇವರದೇವ’ ಎಂಬ ಅಂಕಿತದಲ್ಲಿ ವಚನ ಬರೆದವನು, ಮಡಿ ಬಟ್ಟೆ ಹೊತ್ತು ಹೋಗುವಾಗ ಯಾರೂ ಮುಟ್ಟದಿರಲೆಂದು ಗಂಟೆ ಬಾರಿಸುತ್ತ ನಡೆದವನೆಂಬ ಐತಿಹ್ಯವುಳ್ಳವನು. ಅಂಥವನನ್ನು ಪೂಜಿಸುವ ಊರುಗಳಲ್ಲೇ ಮಡಿವಾಳನನ್ನು ಅಂಗಳದಲ್ಲಿ ನಿಲ್ಲಿಸಿ ಮಾತನಾಡಿಸುತ್ತಿದ್ದರು. ನಮ್ಮ ಮನೆಯಲ್ಲಿಯೂ ಹಾಗೆಯೇ.

ಒಂದು ವರ್ಷ ಜಾತ್ರೆ ಮುಗಿದ ಮೇಲೆ ನಾಲ್ಕು ಗುಂಡಿಗಳಲ್ಲಿ ಒಂದು ಇಲ್ಲವಾಯಿತು. ಅಂಗಿ ಮಡಿವಾಳನ ಮನೆಗೆ ಹೋಗಿ ಬಂದಿತ್ತು. ಅಜ್ಜ ತಾನು ನಾಲ್ಕನ್ನೂ ಕಳಚಿದ್ದೆನೋ ಇಲ್ಲವೋ ಎಂದು ಒಂದು ಗಳಿಗೆಯೂ ಸಂಶಯಪಡಲಿಲ್ಲ. ಮುದುಕ ಮಡಿವಾಳ ಹಳ್ಳದ ದಂಡೆಯ ಉಸುಕನ್ನೆಲ್ಲ ಜಾಲಾಡಿದನಂತೆ, ಮಾಚಿದೇವನ ಆಣೆ ಮಾಡಿದನಂತೆ. ಆ ಸುಗ್ಗಿಯಲ್ಲಿ ಅವನ ಆಯದಲ್ಲಿ ಒಂದು ಚೀಲ ಜೋಳ ಕಡಿಮೆಯಾಯಿತು. ಏಳೆಂಟು ವರ್ಷಗಳ ಅನಂತರ ಸಂದೂಕದ ತಳ ಲಡ್ಡಾಗಿದೆಯೆಂದು ಬಡಿಗ ಹಲಗೆ ಕಿತ್ತಾಗ, ಎರಡು ಹಲಗೆಗಳ ಸಂದಿನಲ್ಲಿ ಕಪ್ಪಾದ ಬೆಳ್ಳಿ ಗುಂಡಿ ಸಿಕ್ಕಿತು. ಅಷ್ಟರಲ್ಲಿ ಮುದುಕ ತೀರಿಹೋಗಿದ್ದ. ಅಜ್ಜ ಅವನ ಮಗನ ಮನೆಗೆ ಒಂದು ಚೀಲ ಜೋಳ ಕಳಿಸಿದ. ಏಕೆಂದು ಹೇಳಿ ಕಳಿಸಲಿಲ್ಲ. ಇದನ್ನು ನನಗೆ ಹೇಳಿದವಳು ಅಜ್ಜಿ, ಅದೂ ಅಜ್ಜ ಹೋದ ಮೇಲೆ.

ಹೊಲಿದ ಗುಂಡಿಯ ಕಾಲ ಬಂದಾಗ ಈ ಎಣಿಸಿ ಇಡುವ ಕೆಲಸ ತಪ್ಪಿತು. ಗುಂಡಿಯೂ ಅಂಗಿಯೊಡನೆ ಕಲ್ಲಿಗೆ ಹೋಗಲಾರಂಭಿಸಿತು. ನನ್ನ ಅಂಗಿಯದು ಚಿಪ್ಪಿನ ಗುಂಡಿ. ಚಿಪ್ಪಿಗೆ ಇರುವ ತಂಪು, ಒಳಗಿನಿಂದ ಬರುವ ಹೊಳಪು ಬೇರೆಯದಕ್ಕೆ ಇಲ್ಲ. ಕೆನ್ನೆಗೆ ಒತ್ತಿ ನೋಡಿದರೆ ತಿಳಿಯುತ್ತದೆ. ಜರ್ಮನಿಯಿಂದ ಹೋದ ಬೋಪ್ಲೆ ಎಂಬವನು 1891ರಲ್ಲಿ ಅಮೆರಿಕದ ಮಸ್ಕಟೀನ್ ಎಂಬ ಊರಿನಲ್ಲಿ, ಮಿಸ್ಸಿಸಿಪ್ಪಿ ನದಿಯ ಚಿಪ್ಪುಗಳಿಂದ ಗುಂಡಿ ಕೊರೆಯತೊಡಗಿದ. 1905ರಲ್ಲಿ ಆ ಒಂದೇ ಊರಿನಿಂದ ಸುಮಾರು 150 ಕೋಟಿ ಗುಂಡಿಗಳು ಹೊರಬಿದ್ದವು. ಅದೇ 1905ರಲ್ಲಿ ನಮ್ಮ ಬಿಹಾರದ ಚಂಪಾರಣ್ಯದ ಮೆಹಸಿ ಎಂಬಲ್ಲಿ ಭುಲಾವನ್ ಲಾಲ್ ಎಂಬ ಶಾಲಾ ತಪಾಸಣಾಧಿಕಾರಿ ಸಿಕ್ರಹನಾ ನದಿಯ ಚಿಪ್ಪುಗಳಿಂದ ಇದೇ ಕಸಬನ್ನು ಸಣ್ಣದಾಗಿ ಆರಂಭಿಸಿದರು. ಮಸ್ಕಟೀನಿನ ಚಿಪ್ಪುಗುಂಡಿಯನ್ನು ಪ್ಲಾಸ್ಟಿಕ್ ಕೊಂದಿತೆನ್ನುತ್ತಾರೆ, ಅರ್ಧ ಸತ್ಯ. ಒಗೆಯುವ ಯಂತ್ರವೂ ಖಾರವಾದ ಹೊಸ ಮಾರ್ಜಕಗಳೂ ಮನೆಮನೆಗೆ ಬಂದವು. ಅವುಗಳ ಮುಂದೆ ಚಿಪ್ಪು ತನ್ನ ಹೊಳಪು ಉಳಿಸಿಕೊಳ್ಳಲಾರದೆ ಹೋಯಿತು. ಚಿಪ್ಪೆಂದರೆ ಪದರುಪದರಾದ ಸುಣ್ಣವೇ. ಇಂಡಿಯವರು ಕಲೆ ತೆಗೆಯಲು ತಮ್ಮ ಊರಿನ ಲಿಂಬೆಹಣ್ಣನ್ನೇ ತಿಕ್ಕುವುದುಂಟು. ಚಿಪ್ಪಿನ ಗುಂಡಿಗೆ ಆ ಹುಳಿ ತಾಕಿದರೆ ಮೈ ಮಂಕಾಗುತ್ತದೆ.

ಆದರೆ ಡ್ರೈಕ್ಲೀನಿಂಗಿನವರ ಮೇಲೆ ತಪ್ಪು ಆರೋಪ ಹೊರಿಸಬಾರದು. ಹೆಸರು ಒಣಗಿದ್ದರೂ ಅಲ್ಲಿ ಹತ್ತಿಯ ಅಂಗಿಯನ್ನು ಸಾಮಾನ್ಯವಾಗಿ ನೀರಿನಲ್ಲೇ ಒಗೆಯುತ್ತಾರೆ. ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಣ ಸೂಟು, ರೇಷ್ಮೆಗಳಿಗೆ. ಅದರಲ್ಲಿ ಪಾಲಿಸ್ಟೈರೀನಿನ ಅಗ್ಗದ ಗುಂಡಿ ಬಿದ್ದರೆ ಕರಗಿಯೇ ಹೋಗುತ್ತದೆ. ಅಂಗಿಯ ಗುಂಡಿ ಒಡೆಯುವುದು ಇಸ್ತ್ರಿಯ ಯಂತ್ರದಲ್ಲಿ. ಕಾದ ಲೋಹದ ಹಲಗೆ ಎದೆಯ ಮೇಲೆ ಒಮ್ಮೆಲೇ ಬಂದು ಕುಳಿತಾಗ, ಬಟ್ಟೆಯ ಮಡಿಕೆಯ ಮೇಲೆ ವಾರೆಯಾಗಿ ಬಿದ್ದ ಗುಂಡಿ ಎರಡು ತೂತುಗಳ ಸಾಲಿನಲ್ಲಿ ಸೀಳುತ್ತದೆ. ನನ್ನ ಗುಂಡಿಯೂ ಹಾಗೆಯೇ ಸೀಳಿತ್ತು. ಯಂತ್ರದ ಮುಂದೆ ನಿಂತ ಹುಡುಗನಿಗೆ ಅದು ಕಂಡಿರಲಾರದು; ಕಂಡಿದ್ದರೂ ನನ್ನ ಅಂಗಿಯೆಂದು ತಿಳಿಯಲು ಅವನಿಗೆ ಇದ್ದದ್ದು ಕಾಗದದ ಒಂದು ಸಂಖ್ಯೆ.

ಹೊಸ ಗುಂಡಿ ಹುಡುಕುವುದು ಸುಲಭವಲ್ಲ. ಗುಂಡಿಯ ವ್ಯಾಪಾರದಲ್ಲಿ ಒಂದು ಅಂಗುಲವನ್ನು ನಲವತ್ತು ಭಾಗ ಮಾಡಿ ಅಳೆಯುತ್ತಾರೆ. ಅಂಗಿಯ ಎದೆಗೆ ಸಾಮಾನ್ಯವಾಗಿ ಹದಿನೆಂಟು ಭಾಗದ್ದು. ಅಳತೆ ಸಿಕ್ಕರೆ ಬಣ್ಣ ಸಿಗದು, ಬಣ್ಣ ಸಿಕ್ಕರೆ ದಪ್ಪ ಸಿಗದು. ಅಂಗಿಯ ಒಳಹೊಲಿಗೆಯಲ್ಲಿ ತಯಾರಕರು ಒಂದು ಹೆಚ್ಚಿನ ಗುಂಡಿ ಇಟ್ಟಿರುತ್ತಾರೆ. ನನ್ನದು ಹಿಂದೊಮ್ಮೆ ತೋಳಿಗೆ ಖರ್ಚಾಗಿತ್ತು. ಕಡೆಗೆ ಮನೆಯಾಕೆ ತೋರಿದ ಉಪಾಯವೇ ನೆಟ್ಟಗಾಯಿತು: ಪಂಚೆಯೊಳಗೆ ಮರೆಯಾಗುವ ಎಲ್ಲಕ್ಕಿಂತ ಕೆಳಗಿನ ಗುಂಡಿಯನ್ನು ಬಿಚ್ಚಿ ಎದೆಗೆ ಹಚ್ಚುವುದು, ಆ ಮರೆಯ ಜಾಗಕ್ಕೆ ಡಬ್ಬಿಯಲ್ಲಿದ್ದ ಯಾವುದೋ ಒಂದು. ಗುಂಡಿಯ ಮೇಲೆ ಒಂದು ಕಡ್ಡಿ ಇಟ್ಟು ಅದರ ಮೇಲಿನಿಂದ ದಾರ ಹಾಯಿಸಿ, ಆಮೇಲೆ ಕಡ್ಡಿ ಎಳೆದು, ಉಳಿದ ಸಡಿಲಿಗೆ ಗುಂಡಿಯ ಕೆಳಗೆ ನಾಲ್ಕು ಸುತ್ತು ದಾರ ಸುತ್ತಿದರೆ ಅದಕ್ಕೊಂದು ಕುತ್ತಿಗೆ ಬರುತ್ತದೆ. ಯಂತ್ರದ ಕೆಳಗೂ ಒಂದಿಷ್ಟು ಬಾಗುತ್ತದೆ. ಅಜ್ಜನ ಬೆಳ್ಳಿ ಗುಂಡಿಗಳು ಅದೇ ಡಬ್ಬಿಯಲ್ಲಿವೆ, ನಾಲ್ಕೂ. ಮೂರು ಬೆಳ್ಳಗಿವೆ. ಸಂದೂಕದಲ್ಲಿ ಸಿಕ್ಕದ್ದನ್ನು ತಿಕ್ಕಿ ಬೆಳಗಲು ಅಜ್ಜಿ ಯಾರಿಗೂ ಕೊಡಲಿಲ್ಲ. ಅದು ಕಪ್ಪಾಗಿಯೇ ಇದೆ.