ಮಂಗಳೂರು ಪೇಟೆ

ಅರಬ್ಬೀ ಸಮುದ್ರದ ದಂಡೆಯ ಮಂಗಳೂರಿನಲ್ಲಿ ಹಳೆ ಬಂದರು, ಮೀನಿನ ದಕ್ಕೆ, ರಥಬೀದಿ ಮತ್ತು ಹಂಪನಕಟ್ಟೆ ಬಳಿಯ ಸೆಂಟ್ರಲ್ ಮಾರ್ಕೆಟ್ ಸುತ್ತ ಬೆಳೆದ ವ್ಯಾಪಾರ ಪ್ರದೇಶ. ಕಡಲಿನ ಪೇಟೆ ಎಂದು ಹೆಸರಾದರೂ ಇದರ ಅರ್ಧ ಬದುಕು ಘಟ್ಟದ ಮೇಲಿನದು.

14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮೆನ್‌ನ ವರ್ತಕರು ಇಳಿಯುತ್ತಿದ್ದುದನ್ನೂ ಕರಿಮೆಣಸು, ಶುಂಠಿ ಧಾರಾಳವಾಗಿದ್ದುದನ್ನೂ ದಾಖಲಿಸಿದ್ದಾನೆ. ಕರಾವಳಿಯಿಂದ ಮೈಸೂರು ಸೀಮೆಗೆ ಹತ್ತುವ ದಾರಿ ಎಷ್ಟು ಬೆಲೆಬಾಳುತ್ತಿತ್ತು ಎಂಬುದಕ್ಕೆ ಸಕಲೇಶಪುರ ಬಳಿಯ ದೋಣಿಗಲ್ ಸಮೀಪ ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಮುಗಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯೇ ಸಾಕ್ಷಿ. ಮುಂದೆ ಬ್ರಿಟಿಷರ ಕಾಲದಲ್ಲಿ ಮಂಜರಾಬಾದ್ ಸೀಮೆಯ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಹದವಾಗಿ ಹಡಗು ಹತ್ತುತ್ತಿತ್ತು. ದೋಣಿಗಲ್ ಮೂಲಕ ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 55 ಕಿಲೋಮೀಟರ್, 57 ಸುರಂಗ! ಆದರೂ ಘಟ್ಟದ ಮೇಲಿನ ತರಕಾರಿ ಲಾರಿಯನ್ನು ಬಿಡಲಿಲ್ಲ.

ದಕ್ಕೆಯಲ್ಲಿ ಬೆಳಗಾಗುವ ಮೊದಲೇ ಏಲಂ ಶುರು. ಬಂಗುಡೆ, ಬೂತಾಯಿ, ಅಂಜಲ್, ನಂಗ್, ಎಟ್ಟಿ ಬುಟ್ಟಿಗಳಲ್ಲಿ ರಾಶಿ ಬೀಳುತ್ತವೆ. ಕೂಗಿದ ದರಕ್ಕೆ ತಲೆಯಾಡಿಸಿದರೆ ವ್ಯಾಪಾರ ಮುಗಿದಂತೆ. ಗಂಡಸರು ಕಡಲಿಗೆ, ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ, ಇದು ಮೀನುಗಾರ ಸಮುದಾಯವಾದ ಮೊಗವೀರರ ಹಳೆಯ ಪದ್ಧತಿ.

ಹೂವಿನವರ ಲೆಕ್ಕವೇ ಬೇರೆ. ಶಂಕರಪುರದ ಮಲ್ಲಿಗೆಯನ್ನು ಇಲ್ಲಿ ಕಿಲೋದಲ್ಲಿ ತೂಗುವುದಿಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಈ ಹೂವಿನ ದರ ಮದುವೆ ಮುಹೂರ್ತಗಳ ದಿನ ಗಗನಕ್ಕೇರಿ, ಮರುದಿನವೇ ನೆಲ ಕಚ್ಚುವುದುಂಟು.

1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ದೊಡ್ಡ ಹಡಗುಗಳನ್ನು ಸೆಳೆದುಕೊಂಡಿತು. ಹಳೆ ಬಂದರಿಗೆ ಮೀನುಗಾರಿಕೆ ಮತ್ತು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಸರಕು ದೋಣಿಗಳು ಉಳಿದವು. ಸೆಂಟ್ರಲ್ ಮಾರ್ಕೆಟ್‌ಗೆ ದೊಡ್ಡ ಪೆಟ್ಟು ಬಿದ್ದದ್ದು 2020ರ ಕೊರೊನಾ ಕಾಲದಲ್ಲಿ: ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು, ವರ್ತಕರು ಕೋರ್ಟು ಮೆಟ್ಟಿಲೇರಿದರು. ಬಳಿಕ ಹಳೆಯ ಕಟ್ಟಡವನ್ನೂ ಕೆಡವಲಾಯಿತು. ಸೋರುವ ಮಾಡಿನ ಆ ಕಟ್ಟಡವನ್ನು ಯಾರೂ ಹೊಗಳುತ್ತಿರಲಿಲ್ಲ, ನಿಜ. ಆದರೆ ಬಸ್ಸಿಳಿದು ಐದು ನಿಮಿಷದಲ್ಲಿ ಸೊಪ್ಪು ಕೊಳ್ಳುವ ಅನುಕೂಲ ಬೈಕಂಪಾಡಿಯಲ್ಲಿ ಇರಲಿಲ್ಲ.

ಮಳೆಗಾಲದಲ್ಲಿ ಪೇಟೆಗೆ ಎರಡೂ ಕಡೆಯಿಂದ ಇಕ್ಕಟ್ಟು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಅದೇ ಹೊತ್ತಿಗೆ ಘಟ್ಟವೂ ಕುಸಿಯುತ್ತದೆ. 2022ರ ಜುಲೈಯಲ್ಲಿ ದೋಣಿಗಲ್ ಬಳಿ ಹೆದ್ದಾರಿ ಜರಿದು ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಿತ್ತು. ಘಟ್ಟದ ಮೇಲಿನ ಊರುಗಳವರು ಮಳೆಗಾಲಕ್ಕೆ ಮೊದಲೇ ಸಂತೆಯಲ್ಲಿ ಒಣಮೀನು ಕೊಂಡಿಟ್ಟುಕೊಂಡಿರುತ್ತಾರೆ. ಹಸಿಮೀನಿನ ಲಾರಿ ಘಟ್ಟ ಹತ್ತುವುದು ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ.