ಹಲಗೆ, ಬೆಲ್ಟು, ಮಾತ್ರೆ

ಅರಳು ಮರಳಾದವರಿಗೆ ಇವತ್ತು ಯಾವ ವಾರ, ಇದು ಯಾವ ಊರು ಎಂದು ದಿನವಿಡೀ ಹೇಳುತ್ತಿರಬೇಕೆಂಬ ಪದ್ಧತಿ ಶುರುವಾದದ್ದು 1958ರ ಸುಮಾರಿಗೆ, ಅಮೆರಿಕದ ಟೊಪೀಕಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ. ಮನೋವೈದ್ಯ ಜೇಮ್ಸ್ ಫೋಲ್ಸಮ್ ಅದನ್ನು ಬೆಳೆಸಿದರು. ಆಮೇಲೆ ವೃದ್ಧಾಶ್ರಮಗಳ ಗೋಡೆಗೆಲ್ಲ ಹಲಗೆ ಬಂತು: ವಾರ, ತಾರೀಖು, ಹವೆ, ಮುಂದಿನ ಊಟ. ಆ ಕಾಲಕ್ಕೆ ಅದೂ ಕರುಣೆಯೇ. 1954ರಲ್ಲಿ ಕ್ಲೋರ್‌ಪ್ರೋಮಜೀನ್ ಎಂಬ ಮನೋರೋಗದ ಮದ್ದು ಅಲ್ಲಿನ ಮಾರುಕಟ್ಟೆಗೆ ಬಂದಿತ್ತು. ಬೇರೆ ದಾರಿಯೆಂದರೆ ಕೂಗಾಡುವವರಿಗೆ ಮಾತ್ರೆ, ಎದ್ದು ಅಲೆಯುವವರಿಗೆ ಕುರ್ಚಿಯ ಬೆಲ್ಟು.

ಹಲಗೆಯನ್ನು ಪ್ರಶ್ನಿಸಿದವರು ನವೋಮಿ ಫೀಲ್. 1932ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿ, ನಾಟ್ಸಿಗಳ ಕಾಲದಲ್ಲಿ ದೇಶ ಬಿಟ್ಟ ಕುಟುಂಬದ ಹುಡುಗಿ. ಕ್ಲೀವ್‌ಲ್ಯಾಂಡ್‌ನ ಮಾಂಟೆಫಿಯೋರ್ ವೃದ್ಧಾಶ್ರಮವನ್ನು ಅವರ ತಂದೆ ನಡೆಸುತ್ತಿದ್ದರು. ಮುದುಕರ ನಡುವೆಯೇ ಬೆಳೆದರು. 1963ರಲ್ಲಿ ಅಲ್ಲೇ ಕೆಲಸಕ್ಕೆ ನಿಂತಾಗ ಅವರೂ ಎಲ್ಲರಂತೆ ವಾಸ್ತವ ಹೇಳಿಕೊಡಲು ಹೊರಟವರೇ. ಆಗಲಿಲ್ಲ. ‘ನಿಮ್ಮಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು’ ಎಂದರೆ ಮರೆತವರಿಗೆ ಅದು ಅವತ್ತಿನ ಸಾವು. ತಿದ್ದಬೇಡಿ, ಸುಳ್ಳೂ ಹೇಳಬೇಡಿ, ಎದುರಿಗೆ ಕೂತು ಕಣ್ಣು ನೋಡಿ ಕೇಳಿ ಎಂದರು ಫೀಲ್. ಯಾರು, ಎಲ್ಲಿ, ಹೇಗೆ ಎಂದು ಕೇಳಬಹುದು. ‘ಯಾಕೆ’ ಮಾತ್ರ ಕೂಡದು.

ಮೈಸೂರಿನ ಆಶ್ರಮವೊಂದರಲ್ಲಿ ನಾನು ಮೇಲ್ವಿಚಾರಕಿ. ಸಂಜೆಯಾದರೆ ಒಬ್ಬ ಅಜ್ಜಿ ಸೀರೆ ಗಂಟು ಕಟ್ಟಿ ಬಾಗಿಲಿಗೆ ಬರುತ್ತಾರೆ. ‘ಅಮ್ಮ ಕಾಯ್ತಿರ್ತಾಳೆ, ಬಿಡ್ರೇ.’ ‘ಬಸ್ಸು ನಾಳೆ ಅಜ್ಜಿ’ ಎನ್ನುತ್ತಿದ್ದಳು ಆಯಾ. ಆ ಸುಳ್ಳು ನನಗೆ ಹಿಡಿಸದು. ಬಸ್ಸಿನ ಮಾತು ಮರೆತರೂ ಅಜ್ಜಿಯ ಅನುಮಾನ ಉಳಿಯುತ್ತದೆ. ಈಗ ಆಯಾ ಕೇಳುತ್ತಾಳೆ: ‘ನಿಮ್ಮಮ್ಮ ಸಂಜೆಗೆ ಏನು ಮಾಡೋರು ಅಜ್ಜಿ?’ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಲೆಯ ಹೊಗೆ, ಎಲ್ಲ ಬರುತ್ತದೆ. (ಇದಕ್ಕೂ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಮಂಡಿನೋವು ನೋಡಿಬಿಡಬೇಕು. ಅರ್ಧ ರಂಪಾಟ ಅಲ್ಲೇ ಇರುತ್ತದೆ.)

ಶಿಸ್ತಿಗೋ ಸಿಬ್ಬಂದಿಯ ಅನುಕೂಲಕ್ಕೋ ವೃದ್ಧಾಶ್ರಮದಲ್ಲಿ ಯಾರನ್ನೂ ಬೆಲ್ಟಿನಿಂದಾಗಲಿ ಮದ್ದಿನಿಂದಾಗಲಿ ಕಟ್ಟಿಹಾಕಬಾರದೆಂದು ಅಮೆರಿಕ 1987ರಲ್ಲಿ ಕಾನೂನು ಮಾಡಿತು. ಡಿಮೆನ್ಷಿಯಾ ಇರುವ ವೃದ್ಧರಿಗೆ ಮನೋರೋಗದ ಹೊಸ ಮಾತ್ರೆಗಳನ್ನು ಕೊಟ್ಟರೆ ಸಾವಿನ ಅಪಾಯ 1.6ರಿಂದ 1.7 ಪಟ್ಟಾಗುತ್ತದೆಂದು 2005ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಸಿದರು. ಹಾಗೆಂದು ಫೀಲ್ ಗೆದ್ದರು ಎನ್ನಲಾರೆ. ಅವರ ಪದ್ಧತಿಗೆ ಸಾಕಷ್ಟು ಪುರಾವೆ ಇಲ್ಲವೆಂದು ಆವರೆಗಿನ ಪ್ರಯೋಗಗಳನ್ನು ತೂಗಿ ನೋಡಿದ 2003ರ ಕಾಕ್ರೇನ್ ವಿಮರ್ಶೆ ಹೇಳಿತು. ಇರಲಿ, ಅಕ್ಕಿರೊಟ್ಟಿ ಮಾತಿನಿಂದ ಯಾರೂ ಮಾತ್ರೆ ನುಂಗಿದವರಂತೆ ಜೋಲಿ ಹೊಡೆದು ಬಿದ್ದು ಸೊಂಟ ಮುರಿದುಕೊಳ್ಳುವುದಿಲ್ಲ.

ಆದರೆ ಕೂತು ಕೇಳಲು ಆಯಾಗೆ ಪುರುಸೊತ್ತು ಬೇಕು. ಸಂಜೆ ನಾಲ್ಕರಿಂದ ಏಳರವರೆಗೆ ಇನ್ನೊಬ್ಬಳನ್ನು ಕೊಡಿ ಎಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಸಂಬಳ ಯಾವ ಲೆಕ್ಕದಿಂದ ಎಂದು ಕೇಳಿದ್ದಾರೆ.