ಹತ್ತಿಯ ಬೀಜ, ಶಾಲೆಯ ಹಾಜರಿ



ಯಾದಗಿರಿ, ಶಹಾಪುರ, ಸುರಪುರಗಳ ಎರೆಭೂಮಿಗೂ ಹತ್ತಿಗೂ ಇರುವ ನಂಟು ನಿಮಗೆ ಹೊಸದಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಹಬ್ಬಿದ ಮೇಲೂ ಹತ್ತಿ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಆದರೆ ಆ ಹತ್ತಿಯ ಬೀಜ ಎಲ್ಲಿಂದ ಬರುತ್ತದೆಂದು ನಮ್ಮಲ್ಲಿ ವಿಚಾರಿಸಿದವರು ವಿರಳ.

1970ರಲ್ಲಿ ಸೂರತ್ತಿನ ಸಿ.ಟಿ. ಪಟೇಲರು ಎಚ್-4 ಎಂಬ ಹೈಬ್ರಿಡ್ ಹತ್ತಿಯನ್ನು ನೀಡಿದರು. 1972ರಲ್ಲಿ ನಮ್ಮ ಧಾರವಾಡದಿಂದ 'ವರಲಕ್ಷ್ಮಿ' ಬಂದಿತು. ಇಳುವರಿ ಹೆಚ್ಚಿತು; ಆದರೆ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಯಿತು. ಆ ಬೀಜದ ತಯಾರಿಕೆಯೋ ಕೈಗೆಲಸ. ಸಂಜೆ ಒಂದೊಂದು ಮೊಗ್ಗಿನಿಂದಲೂ ಗಂಡು ಕೇಸರವನ್ನು ಬಿಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಸವರಬೇಕು. ರೈತರು ಇದನ್ನು 'ಕ್ರಾಸಿಂಗ್' ಎನ್ನುತ್ತಾರೆ. ತಿಂಗಳುಗಟ್ಟಲೆ ನಡೆಯುವ ಈ ಕೆಲಸಕ್ಕೆ ಅಗ್ಗದ ಕೂಲಿಯ ಬಾಲಕಿಯರನ್ನು ಹಚ್ಚಿದರು. ತಂದೆತಾಯಿಗೆ ಮುಂಗಡ ಕೊಟ್ಟರೆ ಮಗು ಹಂಗಾಮು ಮುಗಿಯುವವರೆಗೆ ಹೊಲಕ್ಕೆ ಕಟ್ಟುಬಿದ್ದಂತೆ.

2003ರಲ್ಲಿ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಅವರು ಆಂಧ್ರದ ಬೀಜದ ಹೊಲಗಳ ಕುರಿತು ವರದಿ ಬರೆದಾಗ ಮೊನ್ಸಾಂಟೊ, ಬೇಯರ್, ಸಿಂಜೆಂಟಾಗಳಂಥ ಕಂಪನಿಗಳ ಹೆಸರು ಹೊರಬಂದವು. ಹೊಲ ಕಂಪನಿಯದಲ್ಲ, ರೈತನದು. ನಡುವೆ ಒಬ್ಬ ಆರ್ಗನೈಸರ್. ಆದರೆ ಬೀಜದ ದರವನ್ನು ನಿಗದಿಮಾಡುವುದು ಕಂಪನಿ. ಖರ್ಚಿನ ಬಹುಪಾಲು ಕೂಲಿಯೇ ಆಗಿರುವಾಗ, ದರ ಸಾಲದ ರೈತನು ಕೂಲಿಯನ್ನೇ ಕಡಿತಗೊಳಿಸುತ್ತಾನೆ. ವರದಿಯ ತಿರುಳು ಇದೇ.

ಟೀಕೆಯ ತರುವಾಯ ಕೆಲವು ಕಂಪನಿಗಳು ಹೊಲಗಳ ತಪಾಸಣೆ ಆರಂಭಿಸಿದವು. ಮಕ್ಕಳನ್ನು ದುಡಿಸದ ರೈತರಿಗೆ ಹೆಚ್ಚಿನ ದರವನ್ನೂ ಕೊಟ್ಟವು. ಅಲ್ಲಿ ಚಿಕ್ಕ ಮಕ್ಕಳ ಸಂಖ್ಯೆ ಇಳಿಯಿತು. ಆದರೂ 2015ರ ವರದಿಯ ಪ್ರಕಾರ, ಕರ್ನಾಟಕವೂ ಸೇರಿದಂತೆ ದೇಶದ ಹತ್ತಿಬೀಜದ ಹೊಲಗಳಲ್ಲಿ 14 ವರ್ಷದೊಳಗಿನ ಸುಮಾರು 2 ಲಕ್ಷ ಮಕ್ಕಳು ದುಡಿಯುತ್ತಿದ್ದರು.

ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ತರಗತಿಗಳು ಬರಿದಾಗುತ್ತಿದ್ದವು. ಹಾಜರಿ ಕರೆಯುವಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಉತ್ತರವೇ ಇರುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕನಿಷ್ಠ. ಇದಕ್ಕೆ ಕಾರಣಗಳು ಹಲವು. ಹತ್ತಿಯ ಹೊಲವೂ ಅವುಗಳಲ್ಲೊಂದೆಂದು ನನ್ನ ನಂಬಿಕೆ.

ಅದೇ 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ಉದ್ಯಮಗಳಿಗೆ ಮಾರ್ಗಸೂತ್ರಗಳನ್ನು ಅಂಗೀಕರಿಸಿತು. ಸರಕು ಒದಗಿಸುವವರ ಬಳಿ ನಡೆಯುವ ಅನ್ಯಾಯಕ್ಕೂ ಕಂಪನಿ ಕಣ್ಣು ಮುಚ್ಚುವಂತಿಲ್ಲವೆಂಬುದು ಅದರ ಸಾರ. ನಿಮ್ಮಲ್ಲಿ ಹಲವರು ಇಂದು ದೊಡ್ಡ ಕಂಪನಿಗಳಲ್ಲಿದ್ದೀರಿ. ಖರೀದಿಯ ಕಡತಗಳು ನಿಮ್ಮ ಮೇಜಿನ ಮೇಲೆ ಬರುತ್ತವೆ. ದರದ ಕಾಲಮ್ಮಿಗೆ ಸಹಿ ಹಾಕುವ ಮುನ್ನ, ಆ ದರದಲ್ಲಿ ವಯಸ್ಕರೊಬ್ಬರ ಕೂಲಿ ಹುಟ್ಟುತ್ತದೆಯೇ ಎಂದು ಲೆಕ್ಕ ಹಾಕಿರಿ. ನಿಮಗೆ ಕಲಿಸಿದ ಗಣಿತ ಅಷ್ಟಕ್ಕೆ ಸಾಕು.